ಯಜಮಾನನ ಔದಾರ್ಯ, ಊರಿನ ಹಣ

(ಓದುಗರ ಪ್ರಶ್ನೆಗಳಿಗೆ ಉತ್ತರ)

ಈ ಸಂಚಿಕೆಗೆ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಧಾರವಾಡದ ಓದುಗರ ಬಳಗವೊಂದು ಅಮೆರಿಕದ ಲೇಖಕ ಎಡ್ವಿನ್ ಓ'ಕಾನರ್ ಅವರ 1956ರ ಕಾದಂಬರಿ ‘ದ ಲಾಸ್ಟ್ ಹುರ್ರಾ’ವನ್ನು ಓದಿ ಚರ್ಚಿಸಿತು. ಆ ಚರ್ಚೆ ಹುಬ್ಬಳ್ಳಿ, ಗದಗ, ಹಾವೇರಿಗಳ ಗೆಳೆಯರಿಗೂ ಹಬ್ಬಿ, ಒಂದರ ಹಿಂದೊಂದು ಪತ್ರಗಳು ಬಂದವು. ಕಾದಂಬರಿಯನ್ನು ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಅದು ಹೆಸರಿಲ್ಲದ ಒಂದು ದೊಡ್ಡ ನಗರ. ಐರ್ಲೆಂಡಿನಿಂದ ವಲಸೆ ಬಂದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಎಪ್ಪತ್ತು ದಾಟಿದ ಮೇಯರ್ ಫ್ರಾಂಕ್ ಸ್ಕೆಫಿಂಗ್‌ಟನ್ ಮತ್ತೊಮ್ಮೆ ಚುನಾವಣೆಗೆ ನಿಲ್ಲುತ್ತಾನೆ ಮತ್ತು ಹಳೆಯ ಶೈಲಿಯ ಈ ಕೊನೆಯ ಪ್ರಚಾರವನ್ನು ಹತ್ತಿರದಿಂದ ನೋಡೆಂದು ಸೋದರಳಿಯ ಆಡಮ್‌ನನ್ನು ಕರೆಯುತ್ತಾನೆ. ಎದುರಾಳಿ ಕೆವಿನ್ ಮೆಕ್‌ಕ್ಲಸ್ಕಿ, ಟೆಲಿವಿಷನ್ನಿನಲ್ಲಿ ಸಂಸಾರ ಸಮೇತ ಚೆಂದವಾಗಿ ಕಾಣಿಸಿಕೊಳ್ಳುವ, ಆದರೆ ತನ್ನದೆನ್ನುವ ವಿಚಾರ ಹೆಚ್ಚೇನೂ ಇಲ್ಲದ ಯುವಕ. ಸ್ಕೆಫಿಂಗ್‌ಟನ್ ಸೋಲುತ್ತಾನೆ, ಹೃದಯಾಘಾತಕ್ಕೆ ಗುರಿಯಾಗಿ ಹಾಸಿಗೆ ಹಿಡಿದು ತೀರಿಕೊಳ್ಳುತ್ತಾನೆ.

ಪ್ರಶ್ನೆ: ನಮ್ಮ ಬಳಗದ ಅರ್ಧ ಜನ ಮುದಿ ಮೇಯರ್ ಸತ್ತಾಗ ಕಣ್ಣೀರು ಹಾಕಿದರು. ಉಳಿದವರು, ಜೀವಮಾನವಿಡೀ ಊರಿನ ಬೊಕ್ಕಸವನ್ನು ತನ್ನ ಗುಂಪಿಗಾಗಿ ಬಳಸಿದವನ ಬಗ್ಗೆ ಮರುಕವೇಕೆ ಎಂದು ಸಿಟ್ಟಾದರು. ತಾವು ಯಾರ ಪಕ್ಷ ವಹಿಸುತ್ತೀರಿ?
*ನಿವೃತ್ತ ಶಿಕ್ಷಕಿ, ಮಾಳಮಡ್ಡಿ, ಧಾರವಾಡ*

ಉತ್ತರ: ಕಣ್ಣೀರು ಹಾಕಿದವರು ಕಾದಂಬರಿಯನ್ನು ತಪ್ಪಾಗಿ ಓದಿದ್ದಾರೆಂದು ನಾನು ಹೇಳಲಾರೆ, ಏಕೆಂದರೆ ಲೇಖಕರು ಕೇಳಿದ್ದೂ ಅದನ್ನೇ. ಸ್ಕೆಫಿಂಗ್‌ಟನ್‌ನ ಮನೆಯ ಮುಂದೆ ಬೆಳಗಾದರೆ ಜನ ಸಾಲುಗಟ್ಟುತ್ತಾರೆ. ಒಬ್ಬರಿಗೆ ಕೆಲಸ ಬೇಕು, ಇನ್ನೊಬ್ಬರಿಗೆ ಶಿಫಾರಸು ಬೇಕು, ಮತ್ತೊಬ್ಬರಿಗೆ ತಮ್ಮ ಕಷ್ಟವನ್ನು ಯಾರಾದರೂ ಕೂತು ಕೇಳಿದರೆ ಸಾಕು. ನಮ್ಮ ಭಾಗದ ಯಾವುದೇ ಪ್ರಭಾವಿ ಮುಖಂಡರ ಮನೆಯಂಗಳದಲ್ಲಿ ಬೆಳಗಿನ ಎಂಟು ಗಂಟೆಗೆ ಅರ್ಜಿಗಳನ್ನು ಹಿಡಿದು ನಿಂತವರನ್ನು ಕಂಡ ಓದುಗರಿಗೆ ಆ ಪುಟಗಳು ಪರದೇಶದವು ಎನ್ನಿಸುವುದಿಲ್ಲ.

ಆದರೆ ನಿಮ್ಮ ಬಳಗ ಮತ್ತೊಮ್ಮೆ ಓದಬೇಕಾದ ಭಾಗವೊಂದಿದೆ. ನಾಕೊ ಮಿನಿಹನ್ ಎಂಬ, ಬದುಕಿದ್ದಾಗ ಯಾರಿಗೂ ಅಷ್ಟಾಗಿ ಬೇಡವಾಗಿದ್ದ ಮನುಷ್ಯ ಸಾಯುತ್ತಾನೆ. ಹೆಣ ಇಟ್ಟ ಮನೆಗೆ ಮೇಯರ್ ಬರುತ್ತಾನೆಂಬ ಸುದ್ದಿ ಹಬ್ಬಿದ ಕೂಡಲೇ ಬಿಕೋ ಎನ್ನಬಹುದಾಗಿದ್ದ ಆ ಮನೆ ಜನರಿಂದ ತುಂಬುತ್ತದೆ. ಬಂದವರು ಸತ್ತವನನ್ನು ಬಿಟ್ಟು ಚುನಾವಣೆಯ ಮಾತನ್ನೇ ಆಡುತ್ತಾರೆ ಮತ್ತು ಸೋದರಳಿಯನಿಗೆ ಅದು ಅಸಹ್ಯವಾಗುತ್ತದೆ. ಅಷ್ಟರಲ್ಲಿ ಸ್ಕೆಫಿಂಗ್‌ಟನ್ ವಿಧವೆಗೆ 1,000 ಡಾಲರ್ ಕೊಟ್ಟಿದ್ದಾನೆ. ತನ್ನ ತೀರಿಹೋದ ಹೆಂಡತಿ ಆಕೆಗಾಗಿ ಬಿಟ್ಟುಹೋದ ಹಣವಿದು ಎಂದು ಸುಳ್ಳು ಹೇಳಿ, ದಾನ ಪಡೆದೆನೆಂಬ ಸಂಕೋಚ ಆಕೆಗೆ ಉಳಿಯದಂತೆ ನೋಡಿಕೊಂಡಿದ್ದಾನೆ. ಬಳಿಕ ಅಂತ್ಯಕ್ರಿಯೆಯ ವ್ಯವಸ್ಥೆ ಮಾಡುವ ವ್ಯಾಪಾರಿಯನ್ನು ಪಕ್ಕಕ್ಕೆ ಕರೆದು, ಅಧಿಕಾರದ ಭಯ ತೋರಿಸಿ, ಅವನ ಭಾರಿ ಬಿಲ್ಲನ್ನು ಇಳಿಸುತ್ತಾನೆ.

ಎಷ್ಟೊಂದು ಮನಸ್ಸು ಕರಗಿಸುವ ಸನ್ನಿವೇಶ! ಆದರೂ ಎರಡು ಸಂಗತಿಗಳನ್ನು ಕೇಳಲೇಬೇಕು. ಆ ಸಾವಿರ ಡಾಲರ್ ಎಲ್ಲಿಂದ ಬಂತು? ಒಬ್ಬ ವ್ಯಾಪಾರಿಯ ಬಿಲ್ಲನ್ನು ಒಂದು ಮಾತಿನಿಂದ ಇಳಿಸಬಲ್ಲವನು, ತನಗೆ ಮತ ಹಾಕದ ಇನ್ನೊಬ್ಬ ವ್ಯಾಪಾರಿಯ ಬದುಕನ್ನು ಅಂಥದೇ ಒಂದು ಮಾತಿನಿಂದ ಮುಗಿಸಲಾರನೇ? ಎರಡನೆಯದಕ್ಕೆ ಕಾದಂಬರಿ ಅಲ್ಪಸ್ವಲ್ಪ ಉತ್ತರ ಕೊಡುತ್ತದೆ, ಮೊದಲನೆಯದಕ್ಕೆ ಮಾತ್ರ ಮೌನವಾಗುತ್ತದೆ. ಕೊಡುವ ಕೈಯನ್ನು ಅಷ್ಟು ಪ್ರೀತಿಯಿಂದ ಚಿತ್ರಿಸಿದ ಓ'ಕಾನರ್ ಆ ಕೈ ತುಂಬಿದ ಬಗೆಯನ್ನು ಕತ್ತಲಲ್ಲಿ ಬಿಟ್ಟಿದ್ದು ಈ ಒಳ್ಳೆಯ ಕಾದಂಬರಿಯ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ.

ಸ್ಕೆಫಿಂಗ್‌ಟನ್‌ಗೆ ಮಾದರಿಯಾದವನು ಬಾಸ್ಟನ್ನಿನ ಜೇಮ್ಸ್ ಮೈಕೆಲ್ ಕರ್ಲಿ ಎಂಬುದು ಆಗಲೇ ಎಲ್ಲರಿಗೂ ತಿಳಿದಿತ್ತು. ನಾಲ್ಕು ಬಾರಿ ಮೇಯರ್ ಆದ ಆತ ತರುಣನಾಗಿದ್ದಾಗ ಬೇರೊಬ್ಬನ ಬದಲು ಅಂಚೆ ಇಲಾಖೆಯ ನೇಮಕಾತಿ ಪರೀಕ್ಷೆ ಬರೆದು ಜೈಲು ಸೇರಿದ್ದ. ‘ಗೆಳೆಯನಿಗಾಗಿ ಮಾಡಿದ’ ಎಂಬುದೇ ಅವನ ಪ್ರಚಾರದ ಘೋಷಣೆಯಾಯಿತು. 1947ರಲ್ಲಿ ಮೇಯರ್ ಪದವಿಯಲ್ಲಿರುವಾಗಲೇ ವಂಚನೆಯ ಪ್ರಕರಣದಲ್ಲಿ ಐದು ತಿಂಗಳು ಸೆರೆಮನೆಯಲ್ಲಿ ಕಳೆದ. ಬೇರೊಬ್ಬ ಪರೀಕ್ಷೆ ಬರೆದದ್ದರಿಂದ ಕೆಲಸ ಕಳೆದುಕೊಳ್ಳುವ ಪ್ರಾಮಾಣಿಕ ಹುಡುಗನ ತಾಯಿಯನ್ನೂ ಒಂದು ಕ್ಷಣ ನೆನೆದರೆ ನಿಮ್ಮ ಬಳಗದ ಇನ್ನರ್ಧ ಜನರ ಸಿಟ್ಟು ಅರ್ಥವಾಗುತ್ತದೆ.

ಪ್ರಶ್ನೆ: ಊರಿನ ಹಣ ಇಷ್ಟು ದೊಡ್ಡ ಪ್ರಮಾಣದಲ್ಲಿ ಸೋರಿಹೋಗುವಾಗ ಲೆಕ್ಕ ಬರೆಯುವವರಿಗೆ, ಪತ್ರಿಕೆಗಳಿಗೆ, ತೆರಿಗೆ ಕಟ್ಟುವ ದೊಡ್ಡವರಿಗೆ ತಿಳಿಯುವುದಿಲ್ಲವೇ? ಕಾದಂಬರಿಯನ್ನು ಬಿಟ್ಟು ನಡೆದದ್ದನ್ನು ಹೇಳಿ.
*ಸಣ್ಣ ಕಾರ್ಖಾನೆಯ ಮಾಲೀಕರು, ಗೋಕುಲ ರಸ್ತೆ, ಹುಬ್ಬಳ್ಳಿ*

ಉತ್ತರ: ನ್ಯೂಯಾರ್ಕಿನ ವಿಲಿಯಂ ಟ್ವೀಡ್ ಪ್ರಕರಣವನ್ನು ಹೇಳಿದರೆ ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಟ್ಯಾಮನಿ ಹಾಲ್ ಎಂಬ, ಡೆಮಾಕ್ರಟಿಕ್ ಪಕ್ಷವನ್ನು ಆ ನಗರದಲ್ಲಿ ನಡೆಸುತ್ತಿದ್ದ ಸಂಘಟನೆಯ ಯಜಮಾನ ಟ್ವೀಡ್. ಹೊಸದಾಗಿ ಹಡಗಿನಿಂದ ಇಳಿದವರಿಗೆ ಕೆಲಸ, ಕಲ್ಲಿದ್ದಲು, ಕೋರ್ಟಿನಲ್ಲಿ ಸಹಾಯ, ಚುನಾವಣೆಗೆ ಮೊದಲು ಪೌರತ್ವದ ಕಾಗದ, ಇವೆಲ್ಲವನ್ನೂ ಟ್ಯಾಮನಿ ಒದಗಿಸುತ್ತಿತ್ತು. ಬದಲಿಗೆ ಕೇಳುತ್ತಿದ್ದದ್ದು ಮತ. ಗೆದ್ದ ಮೇಲೆ ನಗರದ ಕಾಮಗಾರಿಗಳೆಲ್ಲ ಅದರ ಕೈಗೆ ಬರುತ್ತಿದ್ದವು.

1861ರಲ್ಲಿ ಶುರುವಾದ ಒಂದು ನ್ಯಾಯಾಲಯದ ಕಟ್ಟಡಕ್ಕೆ ಕೊನೆಗೆ ತೋರಿಸಿದ ಖರ್ಚು ಸುಮಾರು 1.3 ಕೋಟಿ ಡಾಲರ್. ಅಮೆರಿಕ 1867ರಲ್ಲಿ ರಷ್ಯಾದಿಂದ ಇಡೀ ಅಲಾಸ್ಕವನ್ನು ಕೊಂಡದ್ದು 72 ಲಕ್ಷ ಡಾಲರಿಗೆ. ಗಾರೆಯ ಕೆಲಸ ಮಾಡಿಸಿದ ಆಂಡ್ರ್ಯೂ ಗಾರ್ವಿ ಎಂಬ ಗುತ್ತಿಗೆದಾರನ ಬಿಲ್ಲುಗಳು ಎಷ್ಟು ದೊಡ್ಡವಾಗಿದ್ದವೆಂದರೆ ಪತ್ರಿಕೆಗಳು ಅವನನ್ನು ಗಾರೆಯವರ ರಾಜಕುಮಾರ ಎಂದು ಕರೆದವು. ಮಾಡುವ ವಿಧಾನ ಸರಳವಾಗಿತ್ತು: ಗುತ್ತಿಗೆದಾರ ಆದ ಕೆಲಸದ ಹಲವು ಪಟ್ಟು ಬಿಲ್ಲು ಬರೆಯಬೇಕು, ಹಣ ಬಂದ ಮೇಲೆ ಹೆಚ್ಚಿನ ಪಾಲನ್ನು ಟ್ವೀಡ್‌ನ ಕೂಟಕ್ಕೆ ಹಿಂತಿರುಗಿಸಬೇಕು, ಉಳಿದದ್ದು ಅವನದು.

ಪತ್ರಿಕೆಗಳಿಗೆ ನಗರದ ಜಾಹೀರಾತುಗಳು ಧಾರಾಳವಾಗಿ ಹೋಗುತ್ತಿದ್ದವು, ಆದ್ದರಿಂದ ಬಹುಪಾಲು ಪತ್ರಿಕೆಗಳು ಸುಮ್ಮನಿದ್ದವು. ದೊಡ್ಡ ತೆರಿಗೆದಾರರ ನಡವಳಿಕೆ ಇನ್ನೂ ಯೋಚಿಸತಕ್ಕದ್ದು. 1870ರಲ್ಲಿ ಅನುಮಾನ ಹೆಚ್ಚಿದಾಗ, ಶ್ರೀಮಂತ ಆಸ್ಟರ್ ಮನೆತನದ ಹಿರಿಯರ ನೇತೃತ್ವದಲ್ಲಿ ಆರು ಮಂದಿ ಗಣ್ಯರ ಸಮಿತಿ ಲೆಕ್ಕದ ಪುಸ್ತಕಗಳನ್ನು ನೋಡಿ ಎಲ್ಲವೂ ಸರಿಯಾಗಿದೆ ಎಂದು ಪ್ರಮಾಣಪತ್ರ ಕೊಟ್ಟಿತು. ಕೆಲವೇ ತಿಂಗಳುಗಳಲ್ಲಿ ಅದು ಸುಳ್ಳಾಯಿತು. 1871ರ ಜನವರಿಯಲ್ಲಿ ಲೆಕ್ಕಪರಿಶೋಧಕ ಜೇಮ್ಸ್ ವಾಟ್ಸನ್ ಹಿಮಗಾಡಿಯ ಅಪಘಾತದಲ್ಲಿ ತೀರಿಕೊಂಡ. ಲೆಕ್ಕದ ಮನೆಗೆ ಹೊಸದಾಗಿ ಬಂದ ಮ್ಯಾಥ್ಯೂ ಓ'ರೂರ್ಕ್ ಬಿಲ್ಲುಗಳನ್ನು ನಕಲು ಮಾಡಿಟ್ಟುಕೊಂಡ. ಟ್ವೀಡ್ ಜೊತೆ ಜಗಳವಾಡಿಕೊಂಡಿದ್ದ ಮಾಜಿ ಶೆರೀಫ್ ಜಿಮ್ಮಿ ಓ'ಬ್ರಿಯನ್ ಮೂಲಕವೂ ದಾಖಲೆಗಳು ‘ನ್ಯೂಯಾರ್ಕ್ ಟೈಮ್ಸ್’ ಕೈಸೇರಿದವು. ಅದೇ ಜುಲೈಯಿಂದ ಅಂಕಿಗಳು ಅಚ್ಚಾಗತೊಡಗಿದವು, ಥಾಮಸ್ ನ್ಯಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಓದು ಬಾರದವರಿಗೂ ವಿಷಯವನ್ನು ತಲುಪಿಸಿದ. 1873ರಲ್ಲಿ ಶಿಕ್ಷೆಯಾಯಿತು, 1875ರಲ್ಲಿ ಟ್ವೀಡ್ ತಪ್ಪಿಸಿಕೊಂಡು ಸ್ಪೇನಿನವರೆಗೆ ಓಡಿದ, ಹಿಡಿದು ತಂದ ಮೇಲೆ 1878ರ ಏಪ್ರಿಲಿನಲ್ಲಿ ಸೆರೆಮನೆಯಲ್ಲೇ ಸತ್ತ. ಕೂಟ ಕದ್ದ ಹಣ ಎರಡೂವರೆಯಿಂದ ನಾಲ್ಕೂವರೆ ಕೋಟಿ ಡಾಲರ್ ಎಂದು 1877ರ ನಗರಸಭಾ ಸಮಿತಿ ಅಂದಾಜು ಮಾಡಿತು.

ಈಗ ಮೇಲಿನ ಪ್ರಶ್ನೆಗೆ ಮರಳುತ್ತೇನೆ. 1870ರ ಚಳಿಗಾಲದಲ್ಲಿ ಟ್ವೀಡ್ ತನ್ನ ವಾರ್ಡಿನ ಬಡವರಿಗೆಂದು 50,000 ಡಾಲರ್ ದಾನ ಕೊಟ್ಟಿದ್ದ. ಆ ಕಲ್ಲಿದ್ದಲಿನಿಂದ ಬೆಚ್ಚಗಾದ ತಾಯಂದಿರು ಅವನನ್ನು ಹರಸಿದ್ದು ಸಹಜ. ಆದರೆ ನಗರದ ಮೇಲೆ ಏರಿದ ಸಾಲವನ್ನು ತೆರಿಗೆಯ ರೂಪದಲ್ಲಿ, ಏರಿದ ಬಾಡಿಗೆಯ ರೂಪದಲ್ಲಿ, ಆಗದೇ ಉಳಿದ ಚರಂಡಿಯ ರೂಪದಲ್ಲಿ ತೀರಿಸಿದವರಲ್ಲಿ ಅದೇ ತಾಯಂದಿರೂ ಇದ್ದರು. ತಮ್ಮದೇ ಹಣದ ಸಣ್ಣ ತುಣುಕನ್ನು ದಾನವೆಂದು ಪಡೆದು ಅವರು ಕೃತಜ್ಞರಾಗಿದ್ದರು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಳ್ಳತನ ಬೇರೊಂದಿಲ್ಲ.

ಪ್ರಶ್ನೆ: ಟ್ಯಾಮನಿಯ ಪ್ಲಂಕಿಟ್ ಎಂಬುವನು, ಊರು ಬೆಳೆಯುವ ಕಡೆ ಮೊದಲೇ ಜಮೀನು ಕೊಂಡು ಲಾಭ ಮಾಡುವುದು ಪ್ರಾಮಾಣಿಕ ಗಳಿಕೆ ಎಂದನಂತೆ. ಬೊಕ್ಕಸದಿಂದ ಒಂದು ಪೈಸೆಯನ್ನೂ ಕದಿಯದಿದ್ದರೆ ಅದರಲ್ಲಿ ತಪ್ಪೇನಿದೆ?
*ಪದವಿ ವಿದ್ಯಾರ್ಥಿ, ಬೆಟಗೇರಿ, ಗದಗ*

ಉತ್ತರ: ಜಾರ್ಜ್ ವಾಷಿಂಗ್ಟನ್ ಪ್ಲಂಕಿಟ್ ಹೇಳಿದ ಮಾತುಗಳನ್ನು ಪತ್ರಕರ್ತ ವಿಲಿಯಂ ರಿಯೊರ್ಡನ್ 1905ರಲ್ಲಿ ಪುಸ್ತಕವಾಗಿ ತಂದರು. ಉದ್ಯಾನ ಎಲ್ಲಿ ಬರುತ್ತದೆಂದು ತನಗೆ ಮೊದಲು ತಿಳಿಯುತ್ತದೆ, ಆ ಜಾಗವನ್ನು ಕೊಳ್ಳುತ್ತೇನೆ, ನಗರಕ್ಕೆ ಅದು ಬೇಕಾದಾಗ ಒಳ್ಳೆಯ ಬೆಲೆಗೆ ಮಾರುತ್ತೇನೆ, ಅವಕಾಶ ಕಂಡಿತು, ಬಳಸಿಕೊಂಡೆ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ.

ಇದನ್ನು ನಮ್ಮ ಬೈಪಾಸ್ ರಸ್ತೆಯ ಅಂಚಿಗೆ ತಂದು ನೋಡಿ. ಹುಬ್ಬಳ್ಳಿ-ಧಾರವಾಡದ ನಡುವೆಯೋ, ಗದಗದ ಹೊರವಲಯದಲ್ಲೋ ಒಬ್ಬ ರೈತ, ಮಳೆ ಕೈಕೊಟ್ಟ ವರ್ಷ ಮಗಳ ಮದುವೆಗೋ ಸಾಲ ತೀರಿಸುವುದಕ್ಕೋ ಹೊಲವನ್ನು ಎಕರೆಯ ಲೆಕ್ಕದಲ್ಲಿ ಮಾರುತ್ತಾನೆ. ಕೊಂಡವನಿಗೆ ರಸ್ತೆಯ ನಕ್ಷೆ ಗೊತ್ತಿದೆ, ರೈತನಿಗೆ ಗೊತ್ತಿಲ್ಲ. ಎರಡು ವರ್ಷದ ಬಳಿಕ ಅದೇ ನೆಲ ಎನ್‌ಎ (ಕೃಷಿಯೇತರ ಜಮೀನು) ಆಗಿ, ಗುಂಟೆಯ ಲೆಕ್ಕದಲ್ಲಿ, ಪ್ಲಾಟುಗಳಾಗಿ ಮಾರಾಟವಾಗುತ್ತದೆ. ಬೊಕ್ಕಸದಿಂದ ಪೈಸೆಯೂ ಹೋಗಿಲ್ಲ ಎಂಬುದು ನಿಜ. ಆದರೆ ಆ ನಕ್ಷೆ ಸಾರ್ವಜನಿಕ ಹಣದಿಂದ, ಸಾರ್ವಜನಿಕರ ಹೆಸರಿನಲ್ಲಿ ತಯಾರಾದದ್ದು. ಅದರ ತಿಳಿವಳಿಕೆಯೂ ಸಾರ್ವಜನಿಕರ ಆಸ್ತಿಯೇ. ಅದನ್ನು ಒಬ್ಬನು ಎಲ್ಲರಿಗಿಂತ ಮೊದಲು ಮನೆಗೆ ಒಯ್ದರೆ, ಅವನ ಲಾಭದ ಪ್ರತಿ ರೂಪಾಯಿಯೂ ಗೊತ್ತಿಲ್ಲದೆ ಮಾರಿದವನ ಜೇಬಿನಿಂದ ಬಂದದ್ದಾಗುತ್ತದೆ. ಇನ್ನೊಂದು ಅಪಾಯವೂ ಇದೆ. ಜಮೀನು ಕೊಂಡವನೇ ಸಭೆಯಲ್ಲಿ ಕೂತಿದ್ದರೆ ರಸ್ತೆ ಊರಿಗೆ ಬೇಕಾದ ಕಡೆ ಹೋಗುವುದನ್ನು ಬಿಟ್ಟು ಅವನ ಜಮೀನಿನ ಕಡೆಗೆ ತಿರುಗುತ್ತದೆ.

ಪ್ರಶ್ನೆ: ನಾನು ಪಟ್ಟಣದ ಸ್ಥಳೀಯ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದವನು. ರಾತ್ರಿ ಒಂದು ಗಂಟೆಗೆ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಬೇಕಾದಾಗ ಬಡವರ ಫೋನು ಎತ್ತುವವರು ಆ ‘ಭ್ರಷ್ಟ’ ಮುಖಂಡರೇ. ನಿಯಮ ಹೇಳುವ ಸಜ್ಜನರು ಆಗ ಮಲಗಿರುತ್ತಾರೆ. ಇದನ್ನು ತಾವು ಒಪ್ಪುವುದಿಲ್ಲವೇ?
*ರಾಣೆಬೆನ್ನೂರು, ಹಾವೇರಿ ಜಿಲ್ಲೆ*

ಉತ್ತರ: ಒಪ್ಪುತ್ತೇನೆ, ಮತ್ತು ಈ ವಿಷಯದ ತಿರುಳೇ ನಿಮ್ಮ ಪ್ರಶ್ನೆಯಲ್ಲಿದೆ. ಪ್ಲಂಕಿಟ್ ಇದನ್ನು ಇನ್ನೂ ಖಚಿತವಾಗಿ ಹೇಳಿದ್ದ. ತನ್ನ ಜಿಲ್ಲೆಯಲ್ಲಿ ಮನೆಗೆ ಬೆಂಕಿ ಬಿದ್ದರೆ ಹೊತ್ತು ಯಾವುದೇ ಇರಲಿ, ಅಗ್ನಿಶಾಮಕ ವಾಹನ ಬರುವಷ್ಟರಲ್ಲೇ ತಾನು ಅಲ್ಲಿರುತ್ತೇನೆ. ಮನೆ ಕಳೆದುಕೊಂಡವರು ಯಾವ ಪಕ್ಷದವರೆಂದು ಕೇಳುವುದಿಲ್ಲ. ದಾನಸಂಸ್ಥೆಗೆ ಕಳಿಸಿದರೆ ಅವರು ಒಂದೆರಡು ತಿಂಗಳು ವಿಚಾರಣೆ ಮಾಡಿ, ಉಪವಾಸದಿಂದ ಸತ್ತ ಮೇಲೆ ಸಹಾಯಕ್ಕೆ ಅರ್ಹರೆಂದು ತೀರ್ಮಾನಿಸುತ್ತಾರೆ. ಆದ್ದರಿಂದ ತಾನೇ ಬಟ್ಟೆ ಕೊಡಿಸಿ, ಇರಲು ಜಾಗ ನೋಡಿಕೊಡುತ್ತೇನೆ, ಇದು ಒಳ್ಳೆಯ ರಾಜಕೀಯ ಎನ್ನುತ್ತಾನೆ. ಟ್ಯಾಮನಿಯನ್ನು ವಿರೋಧಿಸಿದ ಸುಧಾರಕರು ಒಂದೆರಡು ಚುನಾವಣೆ ಗೆದ್ದು ಮತ್ತೆ ಮತ್ತೆ ಸೋತದ್ದಕ್ಕೆ ಮುಖ್ಯ ಕಾರಣ ಇದೇ. ಅವರು ಲೆಕ್ಕಪತ್ರವನ್ನು ಸರಿಮಾಡಿದರು, ಬೆಂಕಿ ಬಿದ್ದ ಮನೆಗೆ ಹೋಗಲಿಲ್ಲ.

‘ದ ಲಾಸ್ಟ್ ಹುರ್ರಾ’ದ ಕೊನೆಯಲ್ಲಿ ಆಡಮ್‌ನ ಪರಿಚಯದ ಒಬ್ಬ ಯುವಕ ಸ್ಕೆಫಿಂಗ್‌ಟನ್‌ನ ಸೋಲಿಗೆ ಕೊಡುವ ವಿವರಣೆ ಪ್ರಸಿದ್ಧವಾಗಿದೆ. ಅವನನ್ನು ಸೋಲಿಸಿದ್ದು ಎದುರಾಳಿಯಲ್ಲ, ಅಧ್ಯಕ್ಷ ರೂಸ್‌ವೆಲ್ಟ್ ಎನ್ನುತ್ತಾನೆ ಆತ. 1935ರ ಸಾಮಾಜಿಕ ಭದ್ರತಾ ಕಾಯಿದೆಯಿಂದ ವೃದ್ಧರಿಗೆ ಪಿಂಚಣಿ, ನಿರುದ್ಯೋಗಿಗೆ ವಿಮೆ ಸರ್ಕಾರದಿಂದಲೇ ದೊರೆತವು. ಯಜಮಾನನ ಬಾಗಿಲಿಗೆ ಹೋಗುವ ಅಗತ್ಯ ತೀರಿತು. ಈ ವಾದದಲ್ಲಿ ಸತ್ಯವಿದೆ, ಆದರೆ ಪೂರ್ತಿ ಅಲ್ಲ. ಕಾಯಿದೆ ಬಂದು ಇಪ್ಪತ್ತು ವರ್ಷಗಳಾದ ಮೇಲೆ, 1955ರಲ್ಲಿ, ಶಿಕಾಗೋದ ಮೇಯರ್ ಆದ ರಿಚರ್ಡ್ ಡೇಲಿ 1976ರಲ್ಲಿ ಸಾಯುವವರೆಗೂ ಆ ನಗರವನ್ನು ಹಳೆಯ ರೀತಿಯಲ್ಲೇ ಆಳಿದ. ವಾಷಿಂಗ್ಟನ್ನಿನಿಂದ ಬಂದ ಹಣವೂ ಅವನ ಕೈಯಿಂದಲೇ ಹಂಚಿಕೆಯಾಗುತ್ತಿತ್ತು, ಸಾವಿರಾರು ನಗರ ನೌಕರರ ಕೆಲಸ ಅವರವರ ಬೂತಿನ ಮತಗಳ ಮೇಲೆ ನಿಂತಿತ್ತು. ರಾಜಕೀಯ ಕಾರಣಕ್ಕೆ ನೌಕರರನ್ನು ತೆಗೆಯಬಾರದೆಂದು ನ್ಯಾಯಾಲಯದ ಶಾಕ್‌ಮನ್ ಆದೇಶ ಬಂದದ್ದು 1972ರಲ್ಲಿ.

ಹಕ್ಕೆಂದು ಕಾಗದದಲ್ಲಿ ಬರೆದರೆ ಸಾಲದು, ಅದನ್ನು ಪಡೆಯಲು ನಡುವೆ ಯಾರ ಕೈಯನ್ನು ಹಿಡಿಯಬೇಕು ಎಂಬುದೇ ಮುಖ್ಯ. ನಮ್ಮ ರಾಜ್ಯದ ಸಕಾಲ ಕಾಯಿದೆ 2011ರದು. ಅರ್ಜಿಗೆ ಸಂಖ್ಯೆಯಿದೆ, ಗಡುವಿದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಅರ್ಜಿದಾರರಿಗೆ ಪರಿಹಾರವೂ ಇದೆ. ಆದಾಯ ಪ್ರಮಾಣಪತ್ರಕ್ಕೆ ಒಂದು ಕಾಲಕ್ಕೆ ಮುಖಂಡರ ಚೀಟಿ ಹಿಡಿದು ಹೋಗುತ್ತಿದ್ದವರು ಈಗ ಅರ್ಜಿಯ ಸಂಖ್ಯೆ ಹಿಡಿದು ಕೇಳಬಹುದು. ಅಷ್ಟರ ಮಟ್ಟಿಗೆ ಒಂದು ಬಾಗಿಲು ತೆರೆದಿದೆ. ಆದರೆ ನೀವು ಹೇಳಿದ ರಾತ್ರಿ ಒಂದು ಗಂಟೆಯ ಹಾಸಿಗೆಗೆ ಅಂಥ ಸಂಖ್ಯೆಯಿಲ್ಲ. ಅದು ಇಲ್ಲದಿರುವವರೆಗೆ ಫೋನು ಎತ್ತಿದವನನ್ನು ಬೈಯುವ ಹಕ್ಕು, ಫೋನು ಮಾಡುವ ಸ್ಥಿತಿ ಎಂದೂ ಬಾರದ ನಮ್ಮಂಥವರಿಗೆ ಇಲ್ಲ. ಅವನು ಆ ಉಪಕಾರಕ್ಕೆ ಮುಂದಿನ ಚುನಾವಣೆಯಲ್ಲಿ ಬೆಲೆ ಕೇಳುತ್ತಾನೆಂಬುದನ್ನೂ, ಹಾಸಿಗೆಗಳು ಕಡಿಮೆ ಇರುವುದರಿಂದಲೇ ಅವನ ಫೋನಿಗೆ ಬೆಲೆ ಇದೆಯೆಂಬುದನ್ನೂ ಮರೆಯದೆ ಇದನ್ನು ಹೇಳುತ್ತಿದ್ದೇನೆ.

ಪ್ರಶ್ನೆ: ಅಮೆರಿಕದ ಮೇಯರ್‌ಗೂ ನಮ್ಮ ಮಹಾಪೌರರಿಗೂ ಹೋಲಿಕೆ ಮಾಡುವುದು ಸರಿಯೇ?
*ವಕೀಲರು, ಕೇಶ್ವಾಪುರ, ಹುಬ್ಬಳ್ಳಿ*

ಉತ್ತರ: ನೇರವಾಗಿ ಸರಿಯಲ್ಲ. ಕರ್ಲಿಯ ಬಾಸ್ಟನ್ನಿನಲ್ಲಿ ಮೇಯರನ್ನು ಇಡೀ ನಗರ ನೇರವಾಗಿ ಆರಿಸುತ್ತಿತ್ತು. ಅವಧಿ ನಾಲ್ಕು ವರ್ಷ. ನೇಮಕ, ಗುತ್ತಿಗೆ, ಆಯವ್ಯಯಗಳಲ್ಲಿ ಆತನ ಮಾತೇ ನಡೆಯುತ್ತಿತ್ತು. 1962ರಲ್ಲಿ ಎರಡು ಊರುಗಳನ್ನು ಸೇರಿಸಿ ರಚಿಸಿದ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ 2021ರ ಚುನಾವಣೆ 82 ವಾರ್ಡುಗಳಿಗೆ ನಡೆಯಿತು. ಮಹಾಪೌರರನ್ನು ಸದಸ್ಯರು ಆರಿಸುತ್ತಾರೆ, ಶಾಸಕರಿಗೂ ಸಂಸದರಿಗೂ ಅಲ್ಲಿ ಮತವಿದೆ, ಅವಧಿ ಒಂದೇ ವರ್ಷ. ಕಡತಗಳಿಗೆ ಸಹಿ ಮಾಡುವ ಆಯುಕ್ತರನ್ನು ಕಳಿಸುವುದು ರಾಜ್ಯ ಸರ್ಕಾರ. ಒಂದು ವರ್ಷದಲ್ಲಿ ಯಾವ ಮಹಾಪೌರರೂ ಸ್ಕೆಫಿಂಗ್‌ಟನ್ ಆಗಲಾರರು.

ಆದರೆ ಯಜಮಾನಿಕೆ ಪದವಿಯಲ್ಲೇ ಇರಬೇಕೆಂದಿಲ್ಲ. ಟ್ವೀಡ್ ಎಂದೂ ಮೇಯರ್ ಆಗಿರಲಿಲ್ಲ. ಮೇಯರ್ ಆಗಿದ್ದ ಓಕಿ ಹಾಲ್ ಅವನ ಕೂಟದವನಾಗಿದ್ದ. ಪದವಿ ದುರ್ಬಲವಾಗಿದ್ದಷ್ಟೂ ನಿಜವಾದ ಅಧಿಕಾರ ಕಾಣದ ಕಡೆಗೆ ಸರಿಯುತ್ತದೆ, ಪ್ರಶ್ನಿಸುವವರಿಗೆ ಯಾರನ್ನು ಕೇಳಬೇಕೆಂಬುದೇ ತಿಳಿಯದಂತಾಗುತ್ತದೆ. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಪಾಲಿಕೆಯ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂಬ ನಿಯಮವಿದೆ. ನಮ್ಮ ಪಾಲಿಕೆಯ ಅವಧಿ 2019ರ ಮಾರ್ಚಿನಲ್ಲಿ ಮುಗಿಯಿತು, ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ, ಮಹಾಪೌರರ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷ ಮಹಾಪೌರರೇ ಇಲ್ಲದೆ ಒಂದು ಮಹಾನಗರ ನಡೆಯಿತು ಎಂಬುದು ನಿಮ್ಮ ವೃತ್ತಿಯವರನ್ನು ಇನ್ನಷ್ಟು ಕಾಡಬೇಕಿತ್ತು.

ಪ್ರಶ್ನೆ: ಲಂಚ ಪಡೆಯುವವರ ಕಥೆಗಳೇ ಹೆಚ್ಚು. ಕೊಡುವವರ ಕಡೆಯಿಂದ ಬರೆದ ಕಾದಂಬರಿ ಇದೆಯೇ?
*ಓದುಗರು, ವಿದ್ಯಾನಗರ, ಹುಬ್ಬಳ್ಳಿ*

ಉತ್ತರ: ಥಿಯೋಡರ್ ಡ್ರೈಸರ್ ಅವರ ‘ದ ಟೈಟನ್’, 1914. ಶಿಕಾಗೋದ ಟ್ರಾಮ್ ಮಾರ್ಗಗಳನ್ನು ಕೈವಶ ಮಾಡಿಕೊಂಡ ಉದ್ಯಮಿ ಚಾರ್ಲ್ಸ್ ಯರ್ಕಿಸ್‌ನ ಬದುಕನ್ನು ಆಧರಿಸಿದ್ದು. ನಾಯಕ ಕೌಪರ್‌ವುಡ್ ನಗರಸಭೆಯ ಸದಸ್ಯರನ್ನು ಕೊಳ್ಳುತ್ತಾನೆ, ದೀರ್ಘಾವಧಿಯ ಪರವಾನಗಿಗಾಗಿ ಹೋರಾಡುತ್ತಾನೆ, ಕೊನೆಗೆ ಜನರ ಸಿಟ್ಟಿನ ಮುಂದೆ ಸೋಲುತ್ತಾನೆ. ಉದ್ದವಾದ, ಅಲ್ಲಲ್ಲಿ ಬಳಲಿಸುವ ಪುಸ್ತಕ. ಆದರೆ ‘ದ ಲಾಸ್ಟ್ ಹುರ್ರಾ’ ಮುಚ್ಚಿಟ್ಟ ಹಣದ ದಾರಿಯನ್ನು ಇದು ಬಿಚ್ಚಿಡುತ್ತದೆ, ಆದ್ದರಿಂದ ಎರಡನ್ನೂ ಜೊತೆಯಲ್ಲಿ ಓದಬೇಕು.

ಪ್ರಶ್ನೆ: ಇಂಥವರು ಲಂಚದ ಪ್ರಕರಣಕ್ಕಿಂತ ತೆರಿಗೆಯ ಪ್ರಕರಣದಲ್ಲೇ ಸಿಕ್ಕಿಬೀಳುವುದೇಕೆ?
*ಲೆಕ್ಕಪರಿಶೋಧಕರು, ಹಾವೇರಿ*

ಉತ್ತರ: ಕೊಟ್ಟವನೂ ಪಡೆದವನೂ ಬಾಯಿ ಬಿಡದಿದ್ದರೆ ಲಂಚವನ್ನು ಸಾಬೀತು ಮಾಡುವುದು ಕಷ್ಟ, ಘೋಷಿಸದ ಆದಾಯವನ್ನು ಖರ್ಚಿನಿಂದಲೇ ತೋರಿಸಬಹುದು. ಕಾನ್ಸಸ್ ಸಿಟಿಯ ಯಜಮಾನ ಟಾಮ್ ಪೆಂಡರ್‌ಗಾಸ್ಟ್ ಊರಿನ ಕಾಮಗಾರಿಗಳಿಗೆ ತನ್ನ ಕಂಪನಿಯ ಕಾಂಕ್ರೀಟನ್ನೇ ಮಾರಿ ಬೆಳೆದವನು. 1939ರಲ್ಲಿ ಅವನನ್ನು ಜೈಲಿಗೆ ಕಳಿಸಿದ್ದು ಆದಾಯ ತೆರಿಗೆಯ ವಂಚನೆ. ಸ್ಥಳೀಯ ಪೊಲೀಸರು ಅವನ ಹಿಡಿತದಲ್ಲಿದ್ದರು, ತೆರಿಗೆಯ ಅಧಿಕಾರಿಗಳು ಕೇಂದ್ರ ಸರ್ಕಾರದವರಾಗಿದ್ದರು.

ಪ್ರಶ್ನೆ: ನಮ್ಮ ಅವಳಿ ನಗರದ ರಾಜಕಾರಣವನ್ನು ಕುರಿತು ಕಾದಂಬರಿ ಬರೆಯಬೇಕೆಂದಿದ್ದೇನೆ. ಮೊದಲ ಅಧ್ಯಾಯದಲ್ಲಿ ಟೆಂಡರ್ ಹಗರಣ, ಎರಡನೆಯದರಲ್ಲಿ ಕೊಲೆ ಇಟ್ಟುಕೊಂಡಿದ್ದೇನೆ. ಸಲಹೆ ಕೊಡಿ.
*ಯುವ ಬರಹಗಾರ್ತಿ, ಹಳೇ ಹುಬ್ಬಳ್ಳಿ*

ಉತ್ತರ: ಕೊಲೆಯನ್ನು ಬಿಡಿ, ಟೆಂಡರನ್ನೂ ಸ್ವಲ್ಪ ಮುಂದಕ್ಕೆ ಹಾಕಿ. ನಿಮಗೆ ಅದಕ್ಕಿಂತ ದೊಡ್ಡ ವಸ್ತು ಮನೆಯ ನಲ್ಲಿಯಲ್ಲೇ ಇದೆ.

ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರು, ನೀರಸಾಗರ ಕೆರೆಯ ನೀರು, ಇವು ನಮ್ಮ ಓಣಿಗಳನ್ನು ಎಷ್ಟೋ ದಿನಕ್ಕೊಮ್ಮೆ ಮುಟ್ಟುತ್ತಿದ್ದ ಕಾಲವನ್ನು ನಿಮ್ಮ ಮನೆಯ ಹಿರಿಯರು ಹೇಳಬಲ್ಲರು. 2008ರಲ್ಲಿ ಆಯ್ದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಯೋಜನೆ ಬಂದಾಗ, ಗಡಿಯ ಈಚೆಗಿನ ಓಣಿ ಕೊಡಗಳ ಸಾಲಿನಲ್ಲಿ ನಿಂತೇ ಇತ್ತು, ಆಚೆಗಿನ ಓಣಿಯಲ್ಲಿ ನಲ್ಲಿ ತಿರುಗಿಸಿದರೆ ನೀರು. ಅಂಥ ಊರಿನಲ್ಲಿ ನೀರು ಬಿಡುವವರಿಗೆ ಎಷ್ಟು ಬೆಲೆಯೆಂಬುದನ್ನು ನೀವು ಕಂಡಿದ್ದೀರಿ. ವಾಲ್ವನ್ನು ಯಾವ ಓಣಿಗೆ ಮೊದಲು ತಿರುಗಿಸುತ್ತಾರೆ, ಯಾರ ಮದುವೆಗೆ ಟ್ಯಾಂಕರ್ ಹೋಗುತ್ತದೆ, ಆ ಟ್ಯಾಂಕರ್ ಯಾರ ಅಳಿಯನದು, ವಾರ್ಡಿನ ಸದಸ್ಯರಿಗೆ ಫೋನು ಮಾಡಿದ ಹೆಂಗಸಿನ ಮನೆಯಲ್ಲಿ ಎಷ್ಟು ಮತಗಳಿವೆ, ಇವಿಷ್ಟನ್ನು ನಿಷ್ಠೆಯಿಂದ ಬರೆದರೆ ಯಜಮಾನಿಕೆ ಹೇಗೆ ನಡೆಯುತ್ತದೆಂಬುದು ಹಗರಣವಿಲ್ಲದೆಯೇ ತಿಳಿಯುತ್ತದೆ. ನೀರು ಬಿಡುವ ಹೊತ್ತನ್ನು ಮೊಬೈಲ್ ಸಂದೇಶದಲ್ಲಿ ಮೊದಲೇ ತಿಳಿಸುವ ಪ್ರಯೋಗವೊಂದು ಹುಬ್ಬಳ್ಳಿಯಲ್ಲಿ ನಡೆದಿತ್ತು. ಒಂದು ಸಣ್ಣ ಮಾಹಿತಿ ಎಲ್ಲರಿಗೂ ಒಂದೇ ಹೊತ್ತಿಗೆ ತಲುಪಿದಾಗ ಯಾರ ಪ್ರಭಾವ ಕಡಿಮೆಯಾಗಬಹುದು ಎಂದು ಯೋಚಿಸಿದರೆ ನಿಮಗೆ ಒಂದು ಇಡೀ ಅಧ್ಯಾಯ ಸಿಗುತ್ತದೆ.

ಪಾತ್ರಗಳ ವಿಷಯದಲ್ಲಿ ಒಂದು ಕೋರಿಕೆಯಿದೆ. ನಮ್ಮ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಟ್ಯಾಮನಿಯ ಕಾಲದ ಕಥೆಗಳಲ್ಲಿ ಹೆಂಗಸರು ವಿಧವೆಯರಾಗಿ, ಅರ್ಜಿದಾರರಾಗಿ ಮಾತ್ರ ಬರುತ್ತಾರೆ. ನಿಮ್ಮ ವಾರ್ಡಿನಲ್ಲಿ ಗೆದ್ದ ಹೆಣ್ಣುಮಗಳ ಬದಲು ಆಕೆಯ ಗಂಡ ಸಭೆಯ ಹೊರಗೆ ಕಡತ ಹಿಡಿದು ನಿಂತಿದ್ದರೆ ಅದನ್ನು ಬರೆಯಿರಿ. ಎರಡು ವರ್ಷದಲ್ಲಿ ಆಕೆಯೇ ಕಡತ ಓದಲು ಕಲಿತು ಗಂಡನ ಸಹಿಗೆ ಬೆಲೆಯಿಲ್ಲದಂತೆ ಮಾಡಿದ್ದರೆ ಅದನ್ನೂ ಬರೆಯಿರಿ. ಮುಖಂಡನನ್ನು ಒಳ್ಳೆಯವನನ್ನಾಗಿ ಮಾಡಲು ಹೆದರಬೇಡಿ. ಅವನು ಕೊಡುವ ಪ್ರತಿ ಸಹಾಯದ ಪಕ್ಕದಲ್ಲೇ ಆ ಹಣ ಬಂದ ಬಿಲ್ಲನ್ನೂ ಇಡಿ. ಅದಕ್ಕಾಗಿ ಪಾಲಿಕೆಯ ಆಯವ್ಯಯ ಪುಸ್ತಕ ಓದಿ, ನಿಮ್ಮ ಓಣಿಯ ಒಂದೇ ಒಂದು ಚರಂಡಿ ಕಾಮಗಾರಿಯ ಅಂದಾಜುಪಟ್ಟಿಯನ್ನೂ ಬಿಲ್ಲನ್ನೂ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಪಡೆದು ಸಾಲು ಸಾಲಾಗಿ ನೋಡಿ. ಆ ಚರಂಡಿಯ ಉದ್ದವನ್ನು ನೀವೇ ಟೇಪು ಹಿಡಿದು ಅಳೆಯಿರಿ. ಕಾದಂಬರಿಗೆ ಬೇಕಾದ ವಿವರಗಳು ಅಲ್ಲಿಂದ ಬರುತ್ತವೆ.

ಪ್ರಶ್ನೆ: ‘ದ ಲಾಸ್ಟ್ ಹುರ್ರಾ’ದ ಚಲನಚಿತ್ರ ನೋಡಿದರೆ ಸಾಕೇ?
*ಓದುಗರು, ಗದಗ*

ಉತ್ತರ: ಸಾಲದು. ಜಾನ್ ಫೋರ್ಡ್ 1958ರಲ್ಲಿ ತೆಗೆದ ಆ ಚಿತ್ರದಲ್ಲಿ ಸ್ಪೆನ್ಸರ್ ಟ್ರೇಸಿ ಅವರ ಅಭಿನಯ ಘನವಾದದ್ದು, ಹೆಣದ ಮನೆಯ ಸನ್ನಿವೇಶವೂ ಇದೆ. ಆದರೆ ಕಾದಂಬರಿ ಅಷ್ಟಿಷ್ಟು ಉಳಿಸಿಕೊಂಡಿದ್ದ ಅನುಮಾನವನ್ನು ಚಿತ್ರ ಅಳಿಸಿ, ಮೇಯರನ್ನು ಬಹುಪಾಲು ನಿರ್ದೋಷಿಯಾಗಿ ತೋರಿಸುತ್ತದೆ. ಮೊದಲು ಪುಸ್ತಕ ಓದಿ, ಆಮೇಲೆ ಚಿತ್ರ ನೋಡಿ.